ಪೊನ್ ದಿನಕ್ಕೆ ಚೌಕವಿಲ್ಲ

ಆಗಸ್ಟ್ 30, ಬುಧವಾರ, ಪೊನ್

ಅರಿಶಿನದ ಮಣ್ಣು ಉಜ್ಜಿ ಉಜ್ಜಿ ಉಗುರಿಗೆ ಬಣ್ಣ ಹತ್ತಿದೆ. ಇನ್ನು ಹೋಗುವುದಿಲ್ಲ, ಬಿಡು. ಇಪ್ಪತ್ತು ಕಿಲೋ ಶುಂಠಿ ಬಂತು, ಅರ್ಧ ಎಳೆಯದು. ತಂದವನಿಗೆ ಬೈದೆ. ನಕ್ಕ.

ಪೋನಿರಾ ಅಕ್ಕ ಬೆಟ್ಟದಿಂದ ಇಳಿದು ಬಂದಳು. ಪಿಕಪ್ ವ್ಯಾನಿನ ಹಿಂದೆ, ಮೊರ-ಬುಟ್ಟಿಗಳ ರಾಶಿಯ ನಡುವೆ ತಲೆ ಮಾತ್ರ ಕಾಣುತ್ತಿತ್ತು. ದಕ್ಷಿಣ ಬಾಗಿಲಿನ ಕಂಬದ ಬುಡ ಅವಳದು. ಅವಳ ತಾಯಿ ಕೂರುತ್ತಿದ್ದ ಜಾಗ, ಮೂವತ್ತೆಂಟು ವರ್ಷದಿಂದ ಅವಳದು. ನನ್ನ ಚಾಪೆಗೆ ಅಂಟಿಕೊಂಡೇ ಇದೆ. ನಮ್ಮ ಐದು ದಿನದ ಸಂತೆವಾರದಲ್ಲಿ ಪೊನ್ ದಿನ ಮಾತ್ರ ಬರುತ್ತಾಳೆ. ಮಿಕ್ಕ ನಾಲ್ಕು ದಿನ ಬಿದಿರು ಸೀಳಬೇಕು, ಹೆಣೆಯಬೇಕು. ಆ ನಾಲ್ಕು ದಿನ ಕಂಬದ ಬುಡ ಖಾಲಿ. ಕೂರಬಾರದು ಎಂದು ಯಾರೂ ಬರೆದಿಟ್ಟಿಲ್ಲ. ಆದರೂ ಯಾರೂ ಕೂರುವುದಿಲ್ಲ.

ಮಧ್ಯಾಹ್ನ ಒಬ್ಬ ಹುಡುಗಿ ಬಂದಳು. ಕೊರಳಿಗೆ ಗುರುತಿನ ಚೀಟಿ. ಹೆಸರು ಲಾರಸ್. ಸಂತೆಗೆ ಆ್ಯಪ್ ಮಾಡುತ್ತಿದ್ದಾರಂತೆ, ಯೋಗ್ಯಾ ನಗರದ ಯಾವುದೋ ಕಚೇರಿಯವರು. ಮರ್ಯಾದೆಗೆ ನನ್ನನ್ನು ಬು ಎಂದಳು.

"ಬು ಲೆಗಿನೆಮ್, ನೀವು ಓದ್ತೀರಂತೆ? ಫೋನೂ ಇದೆಯಂತೆ?"

"ಓದೋದು ಪೊಟ್ಟಣ ಕಟ್ಟೋ ಪೇಪರ್ ನೋಡಿ ಕಲಿತಿದ್ದು. ಫೋನು ಮಗಳು ಕೊಟ್ಟಿದ್ದು. ಎರಡೂ ಅರ್ಧರ್ಧ ಗೊತ್ತು."

"ಅಷ್ಟು ಸಾಕು. ನಿಮ್ಮಂಥವರೇ ಬೇಕು. ಶುಕ್ರವಾರ ಬನ್ನಿ, ಮೇಲಿನ ಆಫೀಸಿಗೆ. ಆ್ಯಪ್ ಬಳಸೋಕೆ ಸುಲಭಾನಾ ಅಂತ ನೋಡ್ಬೇಕು."

ನನ್ನಂಥವರು ಎಂದರೆ ಎಂಥವರು... ಕೇಳಲಿಲ್ಲ.

ಅಕ್ಕ ಮೊರದ ಹಿಂದಿನಿಂದ ಪಿಸುಗುಟ್ಟಿದಳು. "ಹೋಗೇ, ತಿಂಡಿ ಡಬ್ಬಿ ಕೊಡ್ತಾರೆ. ಆ ಬಾಳೆಲೆ ಅನ್ನದ ಲೆಂಪರ್ ಇದ್ರೆ ನಂಗೊಂದು ಎತ್ತಿಡು. ಪೊನ್‌ವರೆಗೆ ಹಳಸತ್ತೆ ಅಂತ ನೀನೇ ನುಂಗ್ಬೇಡ."

ಸೆಪ್ಟೆಂಬರ್ 1, ಶುಕ್ರವಾರ, ಕ್ಲಿವೊನ್

ಕ್ಯಾಲೆಂಡರಿನ ಹರಿದ ಹಾಳೆ ಒಂದು ಸಾಲದು ಇವತ್ತು. ಮೂರು ತೆಗೆದಿಟ್ಟಿದ್ದೇನೆ. ಹಿಂಬದಿ ಬಿಳಿ ಇದೆ, ಬರೆಯಲು ಸಾಕು.

ಮೇಲಿನ ಆಫೀಸಿನಲ್ಲಿ ನನ್ನ ಬೆರಳಿನ ಮೇಲೆ ಒಂದು ಕ್ಯಾಮೆರಾ. ಮುಖಕ್ಕೆ ಇನ್ನೊಂದು. ಹಿಂದೆ ಸಂತೆಯ ಮೇಲ್ವಿಚಾರಕರು, ಪಾಕ್ ಸುವೊಂದೊ, ಕೈಕಟ್ಟಿ ನಿಂತಿದ್ದರು. ಲಾರಸ್ ಹೇಳಿದಳು: "ಇದು ನಿಮಗೆ ಪರೀಕ್ಷೆ ಅಲ್ಲ ಬು, ಆ್ಯಪಿಗೆ ಪರೀಕ್ಷೆ. ತಪ್ಪಾದ್ರೆ ತಪ್ಪು ನಮ್ಮದು."

ಹಾಗೆ ಹೇಳುವವರು ಹಿಂದೆ ಮೇಲ್ವಿಚಾರಕರನ್ನು ಯಾಕೆ ನಿಲ್ಲಿಸಬೇಕು.

ಅಕ್ಷರ ಇರುವೆಯಷ್ಟು. ಅದೂ ಬೂದು ಬಣ್ಣ, ಬಿಳಿಯ ಮೇಲೆ. ಅದನ್ನು ಆರಿಸಿದವರ ಕಣ್ಣಿಗೆ ಇಪ್ಪತ್ತೈದು ವರ್ಷ ದಾಟಿರಲಿಕ್ಕಿಲ್ಲ. ಕೆಳಗೆ ಹಸಿರು ಗುಂಡಿ, ನನ್ನ ಹೆಬ್ಬೆರಳಿನ ಎರಡರಷ್ಟು. ನಾನು ತಡೆದು ನಿಂತಾಗಲೆಲ್ಲ ಹುಡುಗಿಯ ಪೆನ್ನು ಹಸಿರಿನ ಕಡೆ ತಾನಾಗಿ ವಾಲುತ್ತಿತ್ತು. ಒತ್ತಿದೆ. "ಚೆನ್ನಾಗಿ ಮಾಡಿದ್ರಿ ಬು." ಮುಂದಿನದು. ಮತ್ತೆ ಹಸಿರು. "ಚೆನ್ನಾಗಿ ಮಾಡಿದ್ರಿ." ನಾಲ್ಕನೆಯ ಸಲಕ್ಕೆ ಓದುವುದನ್ನೇ ಬಿಟ್ಟೆ. ಹಸಿರು ಕಂಡರೆ ಒತ್ತು. ಕೋಳಿಗೆ ಕಾಳು ಹಾಕಿ ಕಲಿಸುವ ಹಾಗೆ.

ಆಮೇಲೆ ಹಾಜರಿಯ ಪುಟ. ಏಳು ಏಳು ಚೌಕಗಳ ಸಾಲು. ಸೋಮದಿಂದ ಭಾನು. ಬಂದ ದಿನ ಚೌಕ ತುಂಬಬೇಕು. ಪೊನ್ ಎಲ್ಲಿ ಎಂದು ಹುಡುಕಿದೆ. ಇಲ್ಲ. ಲೆಗಿ, ಪಾಹಿಂಗ್, ಪೊನ್, ವಾಗೆ, ಕ್ಲಿವೊನ್... ಬೆರಳಿಗೊಂದರಂತೆ ಐದೇ ಹೆಸರು. ಈ ಸಂತೆಯ ಅರ್ಧ ಜನ ಆ ಐದರ ಮೇಲೆ ಬದುಕಿದ್ದಾರೆ. ಲೆಗಿಯಲ್ಲಿ ಹುಟ್ಟಿದ್ದಕ್ಕೆ ನಾನು ಲೆಗಿನೆಮ್, ಪೊನ್‌ನಲ್ಲಿ ಹುಟ್ಟಿದ್ದಕ್ಕೆ ಅಕ್ಕ ಪೋನಿರಾ. ಐದು ದಿನಕ್ಕೊಮ್ಮೆ ಬರುವವಳನ್ನು ಏಳರ ಸಾಲಿಗೆ ಹಾಕಿದರೆ ಏನು ಕಾಣುತ್ತದೆ? ಬರೀ ಖಾಲಿ ಚೌಕ.

ಕಂಡಿತು. ನನಗೆ ಆಗಲೇ ಕಂಡಿತು. ಇದನ್ನು ಬರೆದಿಡುತ್ತೇನೆ.

"ಏನಾದ್ರೂ ಕಷ್ಟ ಅನಿಸ್ತಾ ಬು?"

"ಇಲ್ಲ. ಚೆನ್ನಾಗಿದೆ."

"ಬದಲಾಯಿಸ್ಬೇಕು ಅನ್ನೋದು?"

"ಏನೂ ಇಲ್ಲಮ್ಮ. ತುಂಬ ಚೆನ್ನಾಗಿದೆ."

ಯಾಕೆ ಹಾಗೆಂದೆ? ಹುಡುಗಿಯ ತುಟಿ ಒಣಗಿತ್ತು, ಬೆಳಗಿನಿಂದ ಉಂಡಿರಲಿಲ್ಲ. ದೂರದಿಂದ ಬಂದವಳು. ಅವಳು ಮಾಡಿ ತಂದದ್ದನ್ನು ಅವಳ ಮುಖಕ್ಕೇ ಚೆನ್ನಾಗಿಲ್ಲ ಎನ್ನುವುದೆ? ನಮ್ಮಲ್ಲಿ ಯಾರು ಹಾಗೆ ಬೆಳೆದಿದ್ದೇವೆ? ಎದುರಿನವರು ದೊಡ್ಡವರಾದರೆ ಹೂಂ. ಅತಿಥಿಯಾದರೆ ಎರಡು ಸಲ ಹೂಂ. ಕೊನೆಗೆ ಐದು ಮುಖ ತೋರಿಸಿದಳು, ಅಳುವುದರಿಂದ ನಗುವವರೆಗೆ. ಎಲ್ಲಕ್ಕಿಂತ ಹೆಚ್ಚು ಹಲ್ಲು ಬಿಟ್ಟದ್ದನ್ನು ಒತ್ತಿದೆ. ನನ್ನ ಮುಂದೆ ಹೋದ ಒಂಬತ್ತು ಜನರೂ ಅದನ್ನೇ ಒತ್ತಿದ್ದರಂತೆ.

ಡಬ್ಬಿಯಲ್ಲಿ ಲೆಂಪರ್ ಇತ್ತು. ತಿಂದುಬಿಟ್ಟೆ.

ಸೆಪ್ಟೆಂಬರ್ 4, ಸೋಮವಾರ, ಪೊನ್

"ಲೆಂಪರ್ ಎಲ್ಲೇ?"

"ಇರ್ಲಿಲ್ಲ."

"ತುಟಿ ನೋಡಿದ್ರೆ ಗೊತ್ತಾಗತ್ತೆ ಕಣೇ, ಸುಳ್ಳಿ." ಅಕ್ಕ ನಕ್ಕಳು. "ಅಲ್ಲೇನು ಮಾಡಿದೆ?"

"ಹೂಂ ಅಂದೆ."

"ಎಷ್ಟೊತ್ತು?"

"ಒಂದು ಗಂಟೆ."

"ಒಂದು ಗಂಟೆ ಹೂಂ ಅಂದ್ರೆ ಒಂದು ಡಬ್ಬಿ. ನಾನಾಗಿದ್ರೆ ಎರಡು ಗಂಟೆ ಅಂತಿದ್ದೆ."

ಚೌಕದ ವಿಷಯ ಹೇಳಬೇಕು ಎಂದುಕೊಂಡೆ. ಗಿರಾಕಿ ಬಂದರು.

ಸೆಪ್ಟೆಂಬರ್ 24, ಭಾನುವಾರ, ಪೊನ್

ದಕ್ಷಿಣ ಬಾಗಿಲ ಮೇಲೆ ಫ್ಲೆಕ್ಸ್ ಕಟ್ಟಿದ್ದಾರೆ. ಎತ್ತಿನ ಗಾಡಿಯಷ್ಟು ಅಗಲ. ಅದರಲ್ಲಿ ನಾನು. ಹಲ್ಲು ಪೂರ್ತಿ ಕಾಣುತ್ತಿದೆ, ಇಲ್ಲದ ಎರಡೂ ಸೇರಿ. ಪಕ್ಕದಲ್ಲಿ ದೊಡ್ಡ ಅಕ್ಷರ: "ತುಂಬ ಚೆನ್ನಾಗಿದೆ — ಬು ಲೆಗಿನೆಮ್, 64, ಅರಿಶಿನ ವ್ಯಾಪಾರಿ." ಕೇಳಿ ಹಾಕಲಿಲ್ಲ. ಕೇಳಿದ್ದರೂ ಹೂಂ ಅನ್ನುತ್ತಿದ್ದೆನಲ್ಲ, ಅದೇ ಉರಿ.

ಮೀನಿನ ಸಾಲಿನವರು ನಮಸ್ಕಾರ ಮಾಡಿ ಹೋಗುತ್ತಾರೆ, ಫ್ಲೆಕ್ಸಿಗೆ.

ಅಕ್ಟೋಬರ್ 2, ಸೋಮವಾರ, ಲೆಗಿ

ಇವತ್ತಿನಿಂದ ಕಡ್ಡಾಯ. ಪ್ರತಿ ಜಾಗದವರೂ ಬೆಳಿಗ್ಗೆ ಐದರಿಂದ ಎಂಟರೊಳಗೆ ತಮ್ಮ ಜಾಗದಲ್ಲೇ ನಿಂತು "ಹಾಜರ್" ಒತ್ತಬೇಕು. ಮೂರು ವಾರದಲ್ಲಿ ಅರ್ಧಕ್ಕಿಂತ ಕಡಿಮೆ ಬಂದರೆ ಜಾಗ "ಬಳಕೆಯಲ್ಲಿಲ್ಲ" ಎಂದು ತೋರಿಸುತ್ತದಂತೆ. ಬೇರೆಯವರಿಗೆ ಕೊಡುತ್ತಾರಂತೆ.

ಬೆಳಿಗ್ಗೆ ಇಡೀ ಸಂತೆ ಫೋನು ಎತ್ತಿ ಹಿಡಿದು ಗೋಳಾಡಿತು. ತೆಂಗಿನಕಾಯಿ ಮುದುಕಿಯ ಬೆರಳು ಒದ್ದೆ, ಒತ್ತಿದರೆ ಹತ್ತುವುದಿಲ್ಲ. ಮೀನಿನವರ ಕಥೆ ಕೇಳುವುದೇ ಬೇಡ. ಎಲ್ಲರೂ ನನ್ನ ಹತ್ತಿರ ಬಂದರು. "ನೀನೇ ತಾನೆ ಚೆನ್ನಾಗಿದೆ ಅಂದಿದ್ದು, ಹೇಳ್ಕೊಡು." ಎಂಟರವರೆಗೆ ನನಗೆ ಬೋಣಿಯಿಲ್ಲ.

ಅಕ್ಟೋಬರ್ 4, ಬುಧವಾರ, ಪೊನ್

ಅಕ್ಕನ ಫೋನು ಗುಂಡಿಯದು, ಟಾರ್ಚ್ ಇರುವುದು. ಅವಳ ಜಾಗವನ್ನೂ ನನ್ನ ಫೋನಿನಲ್ಲೇ ಸೇರಿಸಿದೆ. ಇಬ್ಬರದು ಒಂದರಲ್ಲಿ ಸೇರಿಸಬಹುದು. ಇವತ್ತು ಅವಳ ಚೌಕ ತುಂಬಿದೆ.

ಆಮೇಲೆ ಹೇಳಿದೆ. "ಅಕ್ಕ, ಮಿಕ್ಕ ದಿನಾನೂ ನಿನ್ನ ಹೆಸರಲ್ಲಿ ನಾನೇ ಒತ್ಬಿಡ್ತೀನಿ. ಪಕ್ಕದಲ್ಲೇ ಇರ್ತೀನಲ್ಲ. ಯಾರಿಗೂ ಗೊತ್ತಾಗಲ್ಲ."

ಬುಟ್ಟಿಯ ಅಂಚು ಬಿಗಿಯುತ್ತಿದ್ದವಳು ತಲೆಯೆತ್ತಲಿಲ್ಲ. "ಬರದೇ ಇರೋ ದಿನ ಬಂದೆ ಅಂತ ಯಾಕೆ ಹೇಳ್ಬೇಕು? ನಾನೇನು ಕದ್ದು ಕೂತಿದ್ದೀನಾ ಇಲ್ಲಿ? ಪೊನ್‌ಗೆ ಬರ್ತೀನಿ. ಪೊನ್ ಅಂತ ಬರಿ."

"ಪೊನ್ ಅಂತ ಬರೆಯೋಕೆ ಜಾಗ ಇಲ್ಲ ಅದ್ರಲ್ಲಿ."

"ಇಲ್ಲ ಅಂತ ಅವತ್ತು ಹೇಳಿದ್ಯಾ?"

ಶುಂಠಿ ತೂಗಿದೆ. ಎರಡು ಸಲ ತೂಗಿದೆ.

ಅಕ್ಟೋಬರ್ 23, ಸೋಮವಾರ, ಪಾಹಿಂಗ್. ಬೆಳಿಗ್ಗೆ ಒಂಬತ್ತು

ಬೇಗ ಬೇಗ ಬರೆಯುತ್ತಿದ್ದೇನೆ. ಅಕ್ಷರ ಓಡುತ್ತಿವೆ.

ಐದು ನಲವತ್ತಕ್ಕೆ ನನ್ನ ಹಾಜರಿ ಒತ್ತಲು ಫೋನು ತೆಗೆದೆ. ಮುಂದೆ ಮೂರು ಜನ ಗಿರಾಕಿ. ತಕ್ಕಡಿಯಲ್ಲಿ ಕಚೋರ. ಪರದೆ ತುಂಬ ಒಂದು ಬರಹ ಎದ್ದು ಬಂತು. "ಗೌರವಾನ್ವಿತ ವ್ಯಾಪಾರಿಗಳಲ್ಲಿ ಸವಿನಯ ವಿನಂತಿ..." ಮದುವೆ ಕರೆಯೋಲೆಯಂತೆ ಶುರು. ಅದೇ ಬೂದು ಇರುವೆಗಳು. ಕೆಳಗೆ ಹಸಿರು ಗುಂಡಿ.

ಒತ್ತಿದೆ.

ಬಣ್ಣಬಣ್ಣದ ಕಾಗದದ ಚೂರು ಪರದೆಯ ಮೇಲಿನಿಂದ ಸುರಿದವು, ಹುಟ್ಟುಹಬ್ಬದಂತೆ. "ಧನ್ಯವಾದ. ಪೋನಿರಾ ಅವರ ಜಾಗವನ್ನು ಮರಳಿಸಲಾಗಿದೆ."

ಹಿಂದಕ್ಕೆ ಹೋಗುವ ಬಾಣ ಒತ್ತಿದೆ. ಹೋಗಲಿಲ್ಲ. ಫೋನು ಆರಿಸಿ ಹಚ್ಚಿದೆ. ಅಕ್ಕನ ಹೆಸರೇ ಇಲ್ಲ. ತೆಂಗಿನಕಾಯಿ ಮುದುಕಿಯ ಪಕ್ಕದ ಎಲೆ ಅಂಗಡಿಯವನಿಗೂ ಅದೇ ಬರಹ ಬಂದಿತ್ತು, ಅವನಿನ್ನೂ ಒತ್ತಿರಲಿಲ್ಲ. ಅವನ ಫೋನು ಕಿತ್ತುಕೊಂಡು ಬರಹವನ್ನು ಬೆರಳಿನಿಂದ ಮೇಲಕ್ಕೆ ತಳ್ಳಿದೆ. ಮತ್ತೂ ತಳ್ಳಿದೆ. ತಳದಲ್ಲಿ, ಪುಟ ಮುಗಿಯುವ ಮೂಲೆಯಲ್ಲಿ, ಬೂದು ಬಣ್ಣದಲ್ಲಿ ಸಣ್ಣಗೆ ಇತ್ತು: "ಒಪ್ಪಿಲ್ಲ."

ಜಾಗ ಬಿಟ್ಟುಕೊಡು ಎನ್ನುವುದು ಹಸಿರು, ದೊಡ್ಡದು. ಬಿಡುವುದಿಲ್ಲ ಎನ್ನುವುದನ್ನು ಬಾವಿಯ ತಳದಲ್ಲಿ ಇಟ್ಟಿದ್ದಾರೆ. ಇದನ್ನು ಯಾರೋ ಕುರ್ಚಿಯಲ್ಲಿ ಕೂತು, ಕಾಫಿ ಕುಡಿಯುತ್ತ, ಇಲ್ಲಿರಲಿ ಎಂದು ಇಟ್ಟಿದ್ದಾರೆ.

ಅದೇ ದಿನ, ಸಂಜೆ

ಪಾಕ್ ಸುವೊಂದೊ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. "ನೋಡಿ ಬು, ನಿಮ್ಮ ಫೋನಿಂದಾನೇ. ಐದು ನಲವತ್ತು. ಯಂತ್ರ ಸುಳ್ಳು ಹೇಳಲ್ಲ."

"ತಿಳೀದೆ ಒತ್ತಿದ್ದು ಪಾಕ್."

"ನೀವಾ? ತಿಳೀದೆ? ಫ್ಲೆಕ್ಸಲ್ಲಿ ಇರೋರು ನೀವೇ ಅಲ್ವಾ?" ನಕ್ಕರು. ಒಳ್ಳೆಯ ಮಾತಿನಂತೆಯೇ ನಕ್ಕರು. "ಜಾಗ ವಾಪಸ್ ಬೇಕಾದ್ರೆ ಹೊಸದಾಗಿ ಅರ್ಜಿ ಹಾಕ್ಬೇಕು. ಆ್ಯಪಲ್ಲೇ. ವಾರಕ್ಕೆ ಕನಿಷ್ಠ ನಾಲ್ಕು ದಿನ ಬರ್ತೀನಿ ಅಂತ ಗುರುತು ಹಾಕ್ಬೇಕು."

ಇವರ ತಾಯಿ ಇದೇ ಸಂತೆಯಲ್ಲಿ ಪೊನ್‌ಗೆ ಪೊನ್‌ಗೆ ಕೋಳಿ ಮಾರಿ ಇವರನ್ನು ಓದಿಸಿದವರು. ನನ್ನ ಬಾಯಿಯವರೆಗೆ ಬಂತು.

"ಹೂಂ," ಎಂದು ಇಳಿದು ಬಂದೆ.

ಅಕ್ಟೋಬರ್ 24, ಮಂಗಳವಾರ, ಪೊನ್

ಅಕ್ಕ ಬಂದಳು, ಕೂತಳು, ಮಾರಿದಳು. ಜಾಗ ಇನ್ನೂ ಯಾರಿಗೂ ಹೋಗಿಲ್ಲ. ಮನೆಯಿಂದ ಕಾಡುಗೆಣಸು ಬೇಯಿಸಿ ತಂದಿದ್ದಳು, ನನಗೆಂದೇ.

ಹೇಳಲಿಲ್ಲ.

ಅಕ್ಟೋಬರ್ 29, ಭಾನುವಾರ, ಪೊನ್

ಕಂಬದ ಬುಡದಲ್ಲಿ ಗುಲಾಬಿ ಬಣ್ಣದ ಫ್ರಿಜ್ಜು. ಹಿಂದಿನ ದಿನವೇ ಬಂದಿತ್ತು. ಐಸ್ ಪಾನಕದವನು. ಪಾಪ, ಅವನದೇನೂ ತಪ್ಪಿಲ್ಲ, ಆ್ಯಪಿನಲ್ಲಿ ಖಾಲಿ ಎಂದಿತ್ತು, ತೆಗೆದುಕೊಂಡ. ಹಾಗೆಂದು ಅವನಿಗೆ ಬೈಯದೇ ಬಿಡಲಿಲ್ಲ.

ಅಕ್ಕ ವ್ಯಾನಿನಿಂದ ಇಳಿದು ಮೊರದ ಹೊರೆ ತಲೆಯ ಮೇಲೆ ಹೊತ್ತೇ ನಿಂತಳು. ಜಾಗ ತಪ್ಪಿ ಬಂದೆನೇ ಎಂಬಂತೆ ಕಂಬ ನೋಡಿದಳು, ಬಾಗಿಲು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

ಎಲ್ಲ ಹೇಳಿದೆ. ಗುಂಡಿ, ಹಸಿರು, ಕಾಗದದ ಚೂರು. ಚೌಕ ಇಲ್ಲದ್ದನ್ನು ಮೊದಲ ದಿನವೇ ಕಂಡು ಸುಮ್ಮನಿದ್ದದ್ದೂ ಹೇಳಿದೆ.

"ಮಂಗಳವಾರ ನನ್ ಗೆಣಸು ತಿಂದ್ಯಲ್ಲ," ಎಂದಳು. "ಆಗ್ಲೇ ಗೊತ್ತಿತ್ತಾ?"

ನಾನು ಹೂಂ ಅಂದೆ.

ಹೊರೆ ಇಳಿಸದೆ ಹೊರಗೆ ಹೋದಳು. ಚರಂಡಿಯ ಪಕ್ಕ, ರಸ್ತೆಯಲ್ಲಿ, ಬಿಸಿಲಿನಲ್ಲಿ ಹರಡಿಕೊಂಡು ಕೂತಳು. ನನಗೆ ಬೆನ್ನು.

ನವೆಂಬರ್ 8, ಬುಧವಾರ, ಪೊನ್

ಬರೆದಿರಲಿಲ್ಲ. ಬರೆಯುವಂಥದ್ದು ಏನಿತ್ತು. ಮೂರನೇ ತಾರೀಖಿನ ಪೊನ್‌ಗೂ ಚರಂಡಿಯ ಪಕ್ಕವೇ ಕೂತಿದ್ದಳು, ಇವತ್ತೂ ಅಲ್ಲೇ. ಹತ್ತು ಗಂಟೆಗೆ ಮಳೆ. ಚರಂಡಿ ಉಕ್ಕಿತು. ಅನ್ನ ಬೇಯಿಸುವ ಬುಟ್ಟಿಗಳು ಕೊಳಕು ನೀರಿನಲ್ಲಿ ತೇಲಿದವು. ನಾನು ಓಡಿ ನಾಲ್ಕು ಹಿಡಿದು ತಂದೆ. ಕೈಯಿಂದ ಕಿತ್ತುಕೊಂಡಳು. "ಥ್ಯಾಂಕ್ಸ್ ಬು," ಎಂದಳು.

ಬು. ಮೂವತ್ತೆಂಟು ವರ್ಷ ಅವಳ ಬಾಯಲ್ಲಿ ನಾನು ಬರೀ ಲೆಗಿ ಆಗಿದ್ದೆ.

ತಲೆಯ ಮೇಲೆ ಫ್ಲೆಕ್ಸಿನಲ್ಲಿ ನಾನು ನಗುತ್ತಲೇ ಇದ್ದೆ. ಮಳೆಯಲ್ಲಿ ತೊಳೆದು ಇನ್ನೂ ಹೊಳೆಯುತ್ತಿತ್ತು.

ನವೆಂಬರ್ 10, ಶುಕ್ರವಾರ, ಕ್ಲಿವೊನ್

ಲಾರಸ್ ಮತ್ತೆ ಬಂದಿದ್ದಾಳೆ. ಹೊಸ ಆವೃತ್ತಿಯಂತೆ, ಮತ್ತೆ ಪರೀಕ್ಷೆಯಂತೆ. ಹೇಳಿ ಕಳಿಸಿದರು. ಗೋಡೆಯ ಮೊಳೆಯಿಂದ ಕ್ಯಾಲೆಂಡರು ಕಿತ್ತು ಕಂಕುಳಲ್ಲಿ ಇಟ್ಟುಕೊಂಡು ಹತ್ತಿದೆ.

ಅದೇ ಕೋಣೆ. ಅದೇ ಎರಡು ಕ್ಯಾಮೆರಾ. ಅದೇ ಪಾಕ್ ಸುವೊಂದೊ. ಫೋನು ಮುಂದೆ ಇಟ್ಟಳು. ನಾನು ಅದನ್ನು ಪಕ್ಕಕ್ಕೆ ಸರಿಸಿ ಕ್ಯಾಮೆರಾದ ಕೆಳಗೆ ಕ್ಯಾಲೆಂಡರು ಇಟ್ಟೆ.

"ಇದೇನು ಬು?"

"ಚಿನ್ನದಂಗಡಿಯವನು ಪುಕ್ಕಟೆ ಕೊಡೋದು. ತಾರೀಖಿನ ಕೆಳಗೆ ಏನಿದೆ, ಓದಮ್ಮ."

"ಕ್ಲಿವೊನ್."

"ಪುಕ್ಕಟೆ ಕಾಗದಕ್ಕೆ ಗೊತ್ತಿರೋದು ನಿಮ್ಮ ಆ್ಯಪಿಗೆ ಯಾಕೆ ಗೊತ್ತಿಲ್ಲ?"

ಪಾಕ್ ಸುವೊಂದೊ ಕೆಮ್ಮಿದರು. "ಬು ಲೆಗಿನೆಮ್, ಬಂದವರ ಮುಂದೆ ಹೀಗೆ..."

"ನಿಮ್ಮಮ್ಮ ಯಾವ ದಿನ ಕೋಳಿ ಮಾರ್ತಿದ್ರು ಪಾಕ್? ಮಂಗಳವಾರಾನಾ?"

ಅವರು ಕಿಟಕಿಯಿಂದ ಹೊರಗೆ ನೋಡಿದರು. ಅಲ್ಲಿ ನೋಡುವಂಥದ್ದು ಏನೂ ಇಲ್ಲ, ನೀರಿನ ಟ್ಯಾಂಕು.

ಆಮೇಲೆ ನಿಲ್ಲಿಸಲಿಲ್ಲ. ಅಕ್ಷರ ಕಾಣುವುದಿಲ್ಲ ಎಂದೆ. ಒದ್ದೆ ಕೈಯವರ ಸಂತೆಗೆ ಒಣ ಬೆರಳಿನವರ ಯಂತ್ರ ತಂದಿದ್ದೀರಿ ಎಂದೆ. ಒಪ್ಪಿಲ್ಲ ಎನ್ನುವುದನ್ನು ಬಚ್ಚಿಟ್ಟವರು ಯಾರು, ಹೆಸರು ಹೇಳು ಎಂದೆ. ಒಬ್ಬಳ ಮೂವತ್ತೆಂಟು ವರ್ಷ ನನ್ನ ಹೆಬ್ಬೆರಳಿನಿಂದ ಅಳಿಸಿದಿರಿ, ಅದಕ್ಕೆ ಕಾಗದದ ಚೂರು ಬೇರೆ ಸುರಿಸಿದಿರಿ ಎಂದೆ. "ಅವತ್ತು ಚೆನ್ನಾಗಿದೆ ಅಂದ್ನಲ್ಲ, ಅದು ಸುಳ್ಳು. ಹಲ್ಲು ಬಿಟ್ಟ ಮುಖ ಒತ್ತಿದ್ದೂ ಸುಳ್ಳು. ಬರ್ಕೋ."

ಲಾರಸ್ ಬರೆದುಕೊಳ್ಳಲಿಲ್ಲ. ಕ್ಯಾಮೆರಾ ಆರಿಸಿದಳು.

"ನಂಗೆ ಗೊತ್ತಿತ್ತು ಬು."

"ಏನು?"

"ಹಾಜರಿ ಪುಟದಲ್ಲಿ ನೀವು ಹನ್ನೊಂದು ಸೆಕೆಂಡ್ ಏನೋ ಹುಡುಕಿದ್ರಿ. ವಿಡಿಯೋದಲ್ಲಿ ಕಂಡಿತ್ತು. ಎಲ್ಲರೂ ಹುಡುಕಿದ್ರು. ನಮ್ಮಜ್ಜೀನೂ ವಾಗೆ ದಿನದ ಸಂತೆಯವಳೇ."

"ಮತ್ತೆ?"

"ಆಫೀಸಲ್ಲಿ ಮೇಲಿನವರು ಕೇಳಿದ್ರು, ಏನಾದ್ರೂ ತೊಂದರೆ ಇದೆಯಾ ಅಂತ."

"ನೀನೇನಂದೆ?"

ಮೇಜಿನ ಮೇಲಿನ ತಿಂಡಿ ಡಬ್ಬಿಯನ್ನೇ ನೋಡುತ್ತಿದ್ದಳು. "ಎಲ್ಲರೂ ಇಷ್ಟಪಟ್ರು ಅಂದೆ."

ಕೆನ್ನೆಗೆ ಬಾರಿಸಬೇಕು ಅನಿಸಿತು. ಕಣ್ಣಲ್ಲಿ ನೀರು ತಂದುಕೊಂಡಳು, ಅದಕ್ಕೂ ಸಿಟ್ಟು ಬಂತು. ಅತ್ತರೆ ಯಾರ ಜಾಗ ಬರುತ್ತದೆ? ಡಬ್ಬಿಯನ್ನು ಅವಳ ಕಡೆ ತಳ್ಳಿದೆ. "ನೀನೇ ತಿನ್ನು. ಹೊಟ್ಟೆ ತುಂಬಿದ್ಮೇಲಾದ್ರೂ ಅವರ ಮುಂದೆ ಇಲ್ಲ ಅನ್ನೋಕೆ ಬರತ್ತಾ ನೋಡು."

ಕ್ಯಾಲೆಂಡರು ಎತ್ತಿಕೊಂಡು ಮೆಟ್ಟಿಲು ಇಳಿದೆ. ಅರವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಒಬ್ಬರ ಮುಖಕ್ಕೆ ಚೆನ್ನಾಗಿಲ್ಲ ಎಂದೆ.

ಸಂಜೆ ಏಣಿ ಹಾಕಿಕೊಂಡು ಫ್ಲೆಕ್ಸು ಇಳಿಸಿದೆ. ಶುಂಠಿ ಕತ್ತರಿಸುವ ಚಾಕುವಿನಿಂದ ನಾಲ್ಕೂ ಮೂಲೆಯ ಹಗ್ಗ ಕೊಯ್ದೆ. ಯಾರೂ ತಡೆಯಲಿಲ್ಲ. ಮೀನಿನವರು ಏಣಿ ಹಿಡಿದುಕೊಂಡರು.

ನವೆಂಬರ್ 13, ಸೋಮವಾರ, ಪೊನ್

ಚಾಪೆಯನ್ನು ಅರ್ಧ ಮಡಚಿದೆ. ಅರಿಶಿನದ ಗುಡ್ಡೆ ಒತ್ತರಿಸಿದೆ. ಖಾಲಿಯಾದ ಅರ್ಧದಲ್ಲಿ ಫ್ಲೆಕ್ಸು ಹಾಸಿದೆ, ಮಡಿಸಿ ನಾಲ್ಕು ಪದರ. ಚರಂಡಿಯ ಹತ್ತಿರ ಹೋಗಿ ಅಕ್ಕನ ಹೊರೆ ಎತ್ತಿಕೊಂಡೆ. ಕೇಳಲಿಲ್ಲ, ಎತ್ತಿಕೊಂಡು ನಡೆದೆ. ಬೈಯುತ್ತಲೇ ಹಿಂದೆ ಬಂದಳು.

"ಇಲ್ಲಿ ಕೂರು."

"ಇದು ನಿನ್ ಜಾಗ."

"ಅರ್ಧ. ಇವತ್ತು ಪೊನ್."

ನಿಂತಳು. ಕೆಳಗೆ ನೋಡಿದಳು. ಮಡಿಕೆಯ ಮೇಲ್ಪದರದಲ್ಲಿ ನನ್ನ ಅರ್ಧ ಮುಖ, ಹಲ್ಲು ಸಮೇತ. ಉಟ್ಟ ಬಟ್ಟೆ ಒತ್ತರಿಸಿಕೊಂಡು, ಸರಿಯಾಗಿ ಅದರ ಮೇಲೆಯೇ ಕೂತಳು.

"ನಿನ್ ಮುಖದ ಮೇಲೆ ಕೂತಿದ್ದೀನಿ. ಬೇಜಾರಿಲ್ಲ ತಾನೆ?"

"ಇಲ್ಲ. ಚೆನ್ನಾಗಿದೆ."

"ಮತ್ತೆ ಚೆನ್ನಾಗಿದೆ ಅಂತೀಯಾ," ಎಂದಳು. ಆಮೇಲೆ, "ಸರ್ಕೊಳ್ಳೇ ಲೆಗಿ, ಮೊರ ಇಡೋಕೆ ಜಾಗ ಬಿಡು."

ಕಾವಲಿನವನು ಬಂದು ಇಬ್ಬರ ಫೋಟೋ ತೆಗೆದುಕೊಂಡು ಹೋದ. ಒಂದು ಜಾಗದಲ್ಲಿ ಒಬ್ಬರೇ ಕೂರಬೇಕಂತೆ.

ನವೆಂಬರ್ 18, ಶನಿವಾರ, ಪೊನ್. ಬೆಳಿಗ್ಗೆ ಆರು

ಬಂತು. "ಗೌರವಾನ್ವಿತ ವ್ಯಾಪಾರಿಗಳಲ್ಲಿ ಸವಿನಯ ವಿನಂತಿ..." ಈ ಸಲ ನನ್ನ ಜಾಗಕ್ಕೆ. ನನ್ನ ಜಾಗವನ್ನು ನಿಯಮ ಮೀರಿ ಇನ್ನೊಬ್ಬರು ಬಳಸುತ್ತಿದ್ದಾರೆ, ಮರಳಿಸಲು ಒಪ್ಪಿಗೆ ಕೊಡಬೇಕು. ಕೆಳಗೆ ಹಸಿರು. ಅದೇ ಅಳತೆ, ಅದೇ ಹೊಳಪು. ಹೊಸ ಆವೃತ್ತಿಯಂತೆ.

ಅಕ್ಕನಿಗೆ ಓದಿ ಹೇಳಿದೆ. ಮೊರ ಕಟ್ಟತೊಡಗಿದಳು. "ನಾನು ಹೋಗ್ತೀನಿ. ನಿನ್ನದೂ ಕಳೀಬೇಡ."

"ಕೂತ್ಕೋ."

"ಲೆಗಿ, ಹಟ ಮಾಡ್ಬೇಡ."

"ಕೂತ್ಕೋ ಅಂದೆ. ಬುಟ್ಟಿ ಹೆಣೆಯೋ ನಿನ್ ಕನ್ನಡಕ ಕೊಡು."

ಗಿರಾಕಿ ಕಾಯುತ್ತಿದ್ದಾರೆ. ಕಾಯಲಿ. ಒಂದೊಂದೇ ಇರುವೆ ಓದಿದೆ. ಮೇಲಕ್ಕೆ ತಳ್ಳಿದೆ, ಮತ್ತೂ ತಳ್ಳಿದೆ. ತಳದಲ್ಲಿ ಸಿಕ್ಕಿತು. ಉಗುರಿನ ತುದಿಯಿಂದ ಒತ್ತಿದೆ, ಬೆರಳಿಗೆ ಅದು ಸಣ್ಣದು. ಒಪ್ಪಿಲ್ಲ. ಕಾಗದದ ಚೂರು ಬೀಳಲಿಲ್ಲ. ಒಂದು ಡಬ್ಬಿ ತೆರೆಯಿತು: "ಕಾರಣ ಬರೆಯಿರಿ."

ಬರೆದೆ. ಇವತ್ತು ಪೊನ್. ಅವಳು ಬಂದಿದ್ದಾಳೆ.

ಅಷ್ಟಕ್ಕೆ ಡಬ್ಬಿ ತುಂಬಿತು. ಇನ್ನು ಅಕ್ಷರ ಹಿಡಿಯುವುದಿಲ್ಲ. ಕಳಿಸಿದೆ. ಅಕ್ಕ ನನ್ನ ಭುಜದ ಮೇಲಿನಿಂದ ಫೋನು ನೋಡುತ್ತಿದ್ದಾಳೆ, ಓದಲು ಬಾರದಿದ್ದರೂ. "ಇಷ್ಟೇನಾ? ಇನ್ನೂ ಬರಿಯೇ," ಎನ್ನುತ್ತಾಳೆ.

ಉಳಿದದ್ದು ಇಲ್ಲಿ ಬರೆಯುತ್ತೇನೆ. ಇವತ್ತಿನ ಹಾಳೆಯನ್ನು ಈಗಲೇ ಹರಿದೆ. ಯಾರಾದರೂ ಮೇಲಿನಿಂದ ಇಳಿದು ಬಂದು ಕೇಳಿದರೆ ಇದನ್ನೇ ಓದಿ ಹೇಳುತ್ತೇನೆ, ಕ್ಯಾಮೆರಾ ಇರಲಿ ಬಿಡಲಿ. ಈ ಕಂಬದ ಬುಡ ಪೋನಿರಾಳದು. ನಾಲ್ಕು ದಿನ ಖಾಲಿ ಇದ್ದರೂ ಅವಳದೇ. ಕಳೆದದ್ದು ನನ್ನ ಬೆರಳಿನಿಂದ ಅಲ್ಲ, ಅದಕ್ಕೂ ಮೊದಲೇ, ಸೆಪ್ಟೆಂಬರ್ ಒಂದನೇ ತಾರೀಖು ಆ ಹುಡುಗಿ ಕೇಳಿದಾಗ ನಾನು ಚೆನ್ನಾಗಿದೆ ಎಂದ ಮಾತಿನಿಂದ.